ಬೀಸಣಿಗೆಯ ಕೊನೆಯ ಜಾಗ

ಡೋರಿನ್ ಬಗ್ಗೆ ವಿಚಾರಿಸಿಕೊಂಡು ಈಗಲೂ ಆಗೀಗ ಯಾರಾದರೂ ನನ್ನ ಕೆಫೆಗೆ ಬರುತ್ತಾರೆ. ಕುರ್ಚಿ ಎಳೆದು ಕೂರುವ ಮೊದಲೇ ಎಲ್ಲರದೂ ಒಂದೇ ಪ್ರಶ್ನೆ, ಅವಳು ಎಷ್ಟು ರೇಸು ಗೆದ್ದಳು? ಅಂಥವರ ಮುಂದೆ ಬಿಯರ್ ಇಟ್ಟು ನಾನು ಬೇರೆ ಮೇಜಿಗೆ ಹೋಗಿಬಿಡುತ್ತೇನೆ. ಗೆದ್ದದ್ದು ಕಮ್ಮಿ, ನಿಜ. ಆದರೆ ಇನ್ನೊಬ್ಬಳು ಗೆಲ್ಲದ ಹಾಗೆ ನೋಡಿಕೊಂಡಳಲ್ಲ, ಆ ಕೆಲಸದಲ್ಲಿ ಅವಳನ್ನು ಮೀರಿಸುವವರು ಈ ಫ್ಲಾಂಡರ್ಸ್ ಸೀಮೆಯಲ್ಲಿ ಹುಟ್ಟಿಲ್ಲ. ನಾನು ಅವಳ ಚಿಕ್ಕಮ್ಮ, ಹೆಸರು ಮರಿಯೆಟ್. ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ನಮ್ಮ ಊರು ಮೂರ್‌ಹೌಟ್. ಸಮುದ್ರದ ಗಾಳಿ ನೇರವಾಗಿ ಬಂದು ನಮ್ಮ ಹೊಲಗಳ ಮೇಲೆ ಬೀಳುತ್ತದೆ, ತಡೆಯುವುದಕ್ಕೆ ನಡುವೆ ಒಂದು ದಿಬ್ಬವೂ ಇಲ್ಲ. ಮೂರ್‌ಹೌಟ್ ಮಕ್ಕಳು ನಿಂತಲ್ಲೂ ವಾಲಿಕೊಂಡೇ ನಿಲ್ಲುತ್ತವೆ ಅಂತ ಪಕ್ಕದೂರಿನವರು ಗೇಲಿ ಮಾಡುತ್ತಾರೆ. ಡೋರಿನ್ ಚಿಕ್ಕವಳಿದ್ದಾಗ ಕಟುಕನ ಮಗನ ಅಗಲವಾದ ಬೆನ್ನಿನ ಮರೆಯಲ್ಲಿ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುತ್ತಿದ್ದಳು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಕಟುಕನ ಮಗನೇ ಇವಳ ಬೆನ್ನಿನ ಮರೆಗೆ ಬಂದಿದ್ದ. ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳಮ್ಮ, ನನ್ನ ಅಕ್ಕ ಲೆಯೊನಿ. ಅಪ್ಪ ಮೊದಲೇ ತೀರಿಕೊಂಡಿದ್ದ.

ಲೆಯೊನಿಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಪಕ್ಕದ ಮನೆಯ ಹಾಲು ಉಕ್ಕಿ ಹೋದರೂ ತನ್ನದೇ ತಪ್ಪು ಎನ್ನುವ ಹೆಂಗಸು ಅವಳು. ಬಸ್ಸಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ ಕ್ಷಮೆ ಕೇಳುವವಳು ಅವಳೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾನು ತದ್ವಿರುದ್ಧ. ನನ್ನ ಮದುವೆಯ ದಿನ ಕೇಕ್ ಕೆಡಿಸಿದ ಬೇಕರಿಯವನಿಗೆ ನಾನು ಇವತ್ತಿಗೂ ನಮಸ್ಕಾರ ಹೇಳುವುದಿಲ್ಲ. ಡೋರಿನ್ ಮುಖ ಅಮ್ಮನದು, ಒಳಗಿನ ಕಿಚ್ಚು ನನ್ನದು.

ಅವಳು ರೇಸಿಗೆ ಇಳಿದ ಮೊದಲ ವರ್ಷವೇ ನನ್ನ ಕೆಫೆ ಅವಳ ಅಭಿಮಾನಿ ಸಂಘದ ಮನೆಯಾಯಿತು. ನಮ್ಮ ಕಡೆ ಯಾರಾದರೂ ಸೈಕಲ್ ರೇಸಿಗೆ ನಿಂತರೆ ಸಾಕು, ಊರಿನ ಒಂದು ಕೆಫೆ ಅವರ ಹೆಸರಿನ ಬಟ್ಟೆ ಕಟ್ಟಲೇಬೇಕು. ಬೀಟ್‌ರೂಟ್ ಲಾರಿ ಓಡಿಸುತ್ತಿದ್ದ ಓಡಿಲ್ ಸಂಘದ ಅಧ್ಯಕ್ಷನಾದ, ಯಾಕೆಂದರೆ ಎಲ್ಲರಿಗಿಂತ ದೊಡ್ಡ ಗಂಟಲು ಅವನದು. ಹೆಂಗಸರ ರೇಸಿಗೆಲ್ಲ ಸಂಘ ಯಾಕೆ ಅಂತ ಮೂಗು ಮುರಿದವರಿಗೆ ಅವನು ಹೇಳುತ್ತಿದ್ದ, "ಲೋ, ನಿನ್ನ ಮಗ ಸೈಕಲ್ ಮೇಲೆ ಕೂತರೆ ಸೈಕಲ್ಲೇ ಅಳುತ್ತೆ. ಸುಮ್ನೆ ಕುಡಿ."

ಡೋರಿನ್‌ಳನ್ನು ಸೇರಿಸಿಕೊಂಡದ್ದು ಅಡುಗೆಮನೆಯ ಕಪಾಟು ಮಾಡುವ ಕಂಪನಿಯ ತಂಡ. ಹೆಸರಿಗೆ ವೃತ್ತಿಪರ ತಂಡ. ಬೆಳಿಗ್ಗೆ ತರಕಾರಿ ಹೆಪ್ಪುಗಟ್ಟಿಸುವ ಕಾರ್ಖಾನೆಯಲ್ಲಿ ಪಾಲಕ್ ಸೊಪ್ಪು, ಪುಟ್ಟ ಕೋಸು ಆರಿಸಿ, ಮರಗಟ್ಟಿದ ಬೆರಳಿನಲ್ಲೇ ಮಧ್ಯಾಹ್ನ ಸೈಕಲ್ ಹಿಡಿಯುತ್ತಿದ್ದಳು. ಆ ತಂಡದ ನಾಯಕಿ ಕ್ರಿಸ್ಟೆಲ್. ಗೆಂಟ್ ಪಟ್ಟಣದ ಕಡೆಯವಳು, ದಂತವೈದ್ಯರ ಮಗಳು, ಫೋಟೋದಲ್ಲಿ ನಗುವುದಕ್ಕೆಂದೇ ಹುಟ್ಟಿದ ಹಲ್ಲುಗಳು. ಕೊನೆಯ ಇನ್ನೂರು ಮೀಟರಿನ ಓಟದಲ್ಲಿ ಅವಳಿಗೆ ಸಾಟಿ ಇರಲಿಲ್ಲ, ಸುಳ್ಳು ಹೇಳಬಾರದು. ಆ ಇನ್ನೂರು ಮೀಟರಿನವರೆಗೆ ಅವಳನ್ನು ಗಾಳಿ ತಾಗದಂತೆ ತಂದು ಬಿಡುವುದು ಡೋರಿನ್ ಕೆಲಸ. ನೀರಿನ ಬಾಟಲಿ ತರುವುದು ಅವಳು. ಕ್ರಿಸ್ಟೆಲ್ ಚಕ್ರ ಪಂಕ್ಚರ್ ಆದರೆ ತನ್ನ ಚಕ್ರ ಬಿಚ್ಚಿ ಕೊಟ್ಟು ರಸ್ತೆ ಬದಿ ನಿಲ್ಲುವುದೂ ಅವಳೇ. ಅದು ಆ ಕಸುಬಿನ ರೀತಿ, ಅದಕ್ಕೆ ಡೋರಿನ್ ಯಾವತ್ತೂ ಗೊಣಗಿದವಳಲ್ಲ.

ಆಮೇಲೆ ಆ ವರ್ಷದ ಮೂರು ದಿನದ ರೇಸು ಬಂತು. ಮೊದಲ ದಿನ ಯಾರೂ ಲೆಕ್ಕಕ್ಕಿಡದ ನಾಲ್ಕು ಜನರ ಜೊತೆ ಡೋರಿನ್ ಮುಂದೆ ಹೋದಳು. ಹಿಂದಿನ ಗುಂಪಿನವರು ಆಮೇಲೆ ಹಿಡಿದರಾಯಿತು ಅಂದುಕೊಂಡರು, ಹಿಡಿಯಲಾಗಲಿಲ್ಲ. ಸಂಜೆ ಹಳದಿ ಅಂಗಿ ಬಂದದ್ದು ಡೋರಿನ್ ಮೈಗೆ. ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವರು ಹಾಕುವ ಅಂಗಿ ಅದು. ಮರುದಿನದ ದಾರಿ ನಮ್ಮ ಮೂರ್‌ಹೌಟ್ ಊರೊಳಗಿಂದಲೇ ಹಾದು ಹೋಗುತ್ತಿತ್ತು. ವಿಶ್ವ ಚಾಂಪಿಯನ್‌ಷಿಪ್‌ಗೆ ನಮ್ಮ ದೇಶದ ತಂಡವನ್ನು ಆರಿಸುವವರೂ ಆ ರೇಸನ್ನೇ ನೋಡುತ್ತಿದ್ದರು. ಓಡಿಲ್ ಆ ರಾತ್ರಿ ನಿದ್ದೆ ಮಾಡಲಿಲ್ಲ, ಏಣಿ ಹಿಡಿದುಕೊಂಡು ಇಡೀ ಬೀದಿಗೆ ಹಳದಿ ಬಟ್ಟೆ ಕಟ್ಟಿದ.

ಸೈಕಲ್ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಯಾರೂ ಬರೆದಿಟ್ಟಿಲ್ಲ, ಬರೆಯುವ ಅಗತ್ಯವೂ ಬಿದ್ದಿರಲಿಲ್ಲ. ರೇಸು ಒಬ್ಬಳ ಸ್ವಂತ ಊರಿಗೆ ಬಂದಾಗ ಗುಂಪು ಕಾಲು ಸಡಿಲಿಸುತ್ತದೆ. ಆ ಊರಿನವಳು ಒಬ್ಬಳೇ ಮುಂದೆ ಹೋಗಿ, ತನ್ನ ಮನೆಯ ಮುಂದೆ ಇಳಿದು, ಮನೆಯವರಿಗೆ ಮುತ್ತು ಕೊಟ್ಟು, ಗುಂಪು ಬರುವಷ್ಟರಲ್ಲಿ ಮತ್ತೆ ಸೈಕಲ್ ಹತ್ತುತ್ತಾಳೆ. ಆ ಹೊತ್ತಿನಲ್ಲಿ ಯಾರೂ ಓಟ ಕೀಳುವುದಿಲ್ಲ. ಎಂಥ ಶತ್ರುವಾದರೂ ಕೀಳುವುದಿಲ್ಲ. ಬೆಳಿಗ್ಗೆ ಹೊರಡುವ ಗೆರೆಯ ಹತ್ತಿರ ಕ್ರಿಸ್ಟೆಲ್ ಇವಳ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದನ್ನು ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ.

"ಹೋಗಿ ಬಾರೇ. ನನ್ನ ಲೆಕ್ಕದಲ್ಲೂ ಅಮ್ಮನಿಗೆ ಒಂದು ಮುತ್ತು ಕೊಡು. ನಾವು ಕಾಯ್ತೀವಿ."

ನಾನು ಅಡ್ಡದಾರಿಯಲ್ಲಿ ಕಾರು ಓಡಿಸಿಕೊಂಡು ರೇಸಿಗಿಂತ ಮೊದಲೇ ಊರು ಸೇರಿದೆ. ಲೆಯೊನಿಗೆ ಮಂಡಿನೋವು, ಬಹಳ ಹೊತ್ತು ನಿಲ್ಲಲಾರಳು. ಅಡುಗೆಮನೆಯ ಕುರ್ಚಿ ತಂದು ಹೊಸ್ತಿಲ ಮುಂದೆ ಹಾಕಿ ಕೂರಿಸಿದೆವು. ಭಾನುವಾರದ ನೀಲಿ ಕೋಟು ಹಾಕಿದ್ದಳು. ಡೋರಿನ್ ಒಬ್ಬಳೇ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಾಗ ಊರಿಗೆ ಊರೇ ಕೂಗಿತು. ಇಳಿದಳು, ಸೈಕಲ್ಲನ್ನು ಓಡಿಲ್ ಕೈಗೆ ಕೊಟ್ಟಳು, ಅಮ್ಮನನ್ನು ತಬ್ಬಿಕೊಂಡಳು. ಲೆಯೊನಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಎಷ್ಟು ತೆಳ್ಳಗಾಗಿದೀಯೇ, ಏನಾದ್ರೂ ತಿಂತಿದೀಯಾ?" ಅಂದಳು. ಒಂದು ಗಳಿಗೆ ಹೆಚ್ಚಿಗೆ ಹಿಡಿದುಕೊಂಡಳು, ಅಷ್ಟೇ.

ಅಷ್ಟರಲ್ಲೇ ಗುಂಪು ಬಂತು. ಬರಬೇಕಾದ ಹಾಗೆ ಬರಲಿಲ್ಲ. ತಲೆ ತಗ್ಗಿಸಿ, ಹಲ್ಲು ಕಚ್ಚಿ, ಬಾಣದ ಹಾಗೆ ಹೋಯಿತು. ಎಲ್ಲರಿಗಿಂತ ಮುಂದೆ ಇದ್ದವಳು ಕ್ರಿಸ್ಟೆಲ್. ನಮ್ಮ ಮನೆಗಳ ಸಾಲು ಮುಗಿದ ಕೂಡಲೇ ಬಯಲು, ಬಯಲಿನಲ್ಲಿ ಅಡ್ಡಗಾಳಿ. ಅದನ್ನು ಅವಳಿಗೆ ಹೇಳಿಕೊಟ್ಟವಳು ಯಾರು ಅಂತೀರಿ? ಡೋರಿನ್. ನಮ್ಮೂರು ದಾಟಿದ ಮೇಲೆ ಹುಷಾರು ಅಂತ ಹಿಂದಿನ ರಾತ್ರಿ ತಂಡದ ಊಟದಲ್ಲಿ ಅವಳೇ ಎಚ್ಚರಿಸಿದ್ದಳಂತೆ. ಡೋರಿನ್ ಸೈಕಲ್ ಹತ್ತುವಷ್ಟರಲ್ಲಿ ಗುಂಪು ಚೂರುಚೂರಾಗಿ ಬಯಲಿನ ತುಂಬ ಹರಡಿತ್ತು. ಅವಳು ಸಂಜೆವರೆಗೂ ಒದ್ದಾಡಿದಳು, ಮುಂದಿನವರ ಬೆನ್ನು ಮತ್ತೆ ಕಾಣಲಿಲ್ಲ. ಹಳದಿ ಅಂಗಿ ಕ್ರಿಸ್ಟೆಲ್‌ಗೆ ಹೋಯಿತು. ವಿಶ್ವ ಚಾಂಪಿಯನ್‌ಷಿಪ್ ತಂಡದ ಜಾಗವೂ ಅವಳಿಗೇ. ಮರುದಿನ ಪತ್ರಿಕೆಯವರು ಕೇಳಿದಾಗ ಆಕೆ ನಗುನಗುತ್ತ ಹೇಳಿದ ಮಾತು ನನಗೆ ಬಾಯಿಪಾಠ: "ರೇಸು ಅಂದರೆ ರೇಸು. ಅಮ್ಮನನ್ನು ಮುದ್ದು ಮಾಡೋಕೆ ಭಾನುವಾರ ಇದೆಯಲ್ಲ."

ನಾನು ಪತ್ರಿಕೆಯಲ್ಲಿ ಬಂದ ಅವಳ ಫೋಟೋ ಕತ್ತರಿಸಿ ನನ್ನ ಕೆಫೆಯಲ್ಲಿ ಬಾಣ ಎಸೆಯುವ ಹಲಗೆಯ ನಡುಮಧ್ಯಕ್ಕೆ ಅಂಟಿಸಿದೆ. ಒಂದು ತಿಂಗಳಲ್ಲಿ ಆ ಚಂದದ ಹಲ್ಲುಗಳಲ್ಲಿ ಒಂದೂ ಉಳಿಯಲಿಲ್ಲ. ಪಾದ್ರಿಗಳು ಬಂದು, "ಮರಿಯೆಟ್, ಇದು ಕ್ರೈಸ್ತರು ಮಾಡೋ ಕೆಲಸಾನಾ?" ಅಂದರು. "ಫಾದರ್, ನೀವೂ ಒಂದು ಎಸೀತೀರಾ, ಇಲ್ಲಾ ಬರೀ ಬಿಯರ್ ಸಾಕಾ?" ಅಂದೆ. ಬರೀ ಬಿಯರ್ ಕುಡಿದು ಹೋದರು.

ನನಗೆ ಹೀಗೆ ಸಿಟ್ಟು ತೀರಿಸಿಕೊಳ್ಳಲು ಒಂದು ಹಲಗೆಯಾದರೂ ಇತ್ತು. ಲೆಯೊನಿಗೆ ಏನೂ ಇರಲಿಲ್ಲ. ಅವತ್ತೇ ಆ ಕುರ್ಚಿಯನ್ನು ಒಳಗೆ ತೆಗೆದುಕೊಂಡು ಹೋದಳು. "ನಾನು ಬಾಗಿಲಿಗೆ ಬರಬಾರದಿತ್ತು. ನಾನೇ ಜಾಸ್ತಿ ಹೊತ್ತು ಹಿಡ್ಕೊಂಡೆ, ಮಗು ಕೆಟ್ಟಿದ್ದು ನನ್ನಿಂದ" ಅನ್ನುವುದೊಂದೇ ಮಾತು. ನಾನು ಬೈದೆ, ಓಡಿಲ್ ಗಂಟಲು ಹರಿದುಕೊಂಡು ವಿವರಿಸಿದ, ಡೋರಿನ್ ಅವಳ ಕಾಲು ಹಿಡಿದುಕೊಂಡಳು. ಕಿವಿಗೆ ಹೋಗಲಿಲ್ಲ. ಅಲ್ಲಿಂದ ಮುಂದೆ ಊರಲ್ಲಿ ಯಾವ ರೇಸು ಹಾದುಹೋದರೂ ಲೆಯೊನಿ ಪರದೆ ಎಳೆದು ಒಳಗೆ ಕೂತಳು. ಮಗಳು ರೇಸಿಗೆ ಹೊರಡುವಾಗ ಮುತ್ತು ಕೊಡುವುದನ್ನೂ ಬಿಟ್ಟಳು. ದೂರದಿಂದ ಕೈ ಬೀಸುತ್ತಿದ್ದಳು, ಮುಟ್ಟಿದರೆ ಎಲ್ಲಿ ಅಪಶಕುನವಾಗುತ್ತದೋ ಎನ್ನುವ ಹಾಗೆ.

ಡೋರಿನ್ ಅಳಲಿಲ್ಲ. ಆ ಚಳಿಗಾಲದ ಒಂದು ಮಧ್ಯಾಹ್ನ ನನ್ನ ಕೆಫೆಯ ಒಲೆಯ ಪಕ್ಕ ಕೂತು ಸೀಗಡಿ ಸುಲಿಯುತ್ತಿದ್ದಳು.

"ಚಿಕ್ಕಮ್ಮ, ನಾನು ಹಾಲೆಂಡಿನ ತಂಡಕ್ಕೆ ಸೇರ್ತಾ ಇದೀನಿ."

"ಆ ಜಿಪುಣರ ಹತ್ರಾನಾ? ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಡೋ ಜನ ಕಣೇ ಅವರು."

"ಗಾಳೀಲಿ ಹೇಗೆ ಓಡಿಸ್ಬೇಕು ಅನ್ನೋದು ಅವರಷ್ಟು ಯಾರಿಗೂ ಗೊತ್ತಿಲ್ಲ." ಒಂದು ಸೀಗಡಿಯ ತಲೆ ಮುರಿದಳು. "ಅಮ್ಮ ತನ್ನ ತಪ್ಪು ಅಂದ್ಕೊಂಡಿದಾಳೆ. ಮಾತಲ್ಲಿ ಹೇಳಿದ್ರೆ ಅವಳು ನಂಬಲ್ಲ. ಕ್ರಿಸ್ಟೆಲ್ ನನ್ನ ಕೈಯಿಂದ ಸೋಲ್ಬೇಕು. ಇದು ಅವತ್ತಿನ ಲೆಕ್ಕ ಅಂತ ದೇಶವೆಲ್ಲ ಮಾತಾಡ್ಬೇಕು. ಆಗ ಅಮ್ಮನಿಗೆ ಗೊತ್ತಾಗುತ್ತೆ, ತಪ್ಪು ಯಾರದು ಅಂತ. ಅಲ್ಲೀವರೆಗೂ ನಾನು ನಿಲ್ಸಲ್ಲ."

ನನಗೆ ಎಷ್ಟು ಖುಷಿಯಾಯಿತೆಂದರೆ ಅವಳ ತಟ್ಟೆಗೆ ಇನ್ನೊಂದು ಹಿಡಿ ಸೀಗಡಿ ಸುರಿದೆ.

ಗಾಳಿಯ ವಿಷಯ ಹೇಳಿದರೆ ಮಾತ್ರ ಮುಂದಿನದು ಅರ್ಥವಾಗುವುದು. ಗಾಳಿ ಪಕ್ಕದಿಂದ ಹೊಡೆಯುವಾಗ ಒಬ್ಬರ ಹಿಂದೆ ಒಬ್ಬರು ನೆಟ್ಟಗೆ ಹೋದರೆ ಮರೆ ಸಿಗುವುದಿಲ್ಲ. ಗಾಳಿ ಬರುವ ಅಂಚಿನಲ್ಲಿ ಒಬ್ಬಳು, ಅವಳ ಪಕ್ಕಕ್ಕೆ ತುಸು ಹಿಂದೆ ಇನ್ನೊಬ್ಬಳು, ಅವಳ ಪಕ್ಕ ಮತ್ತೊಬ್ಬಳು, ಹೀಗೆ ಓರೆಯಾಗಿ ರಸ್ತೆಯ ಅಗಲಕ್ಕೂ ಬಿಚ್ಚಿಕೊಳ್ಳುತ್ತಾರೆ. ನಮ್ಮವರು ಅದನ್ನು ಬೀಸಣಿಗೆ ಅನ್ನುತ್ತಾರೆ. ರಸ್ತೆಯ ಅಗಲ ಮುಗಿಯಿತೆಂದರೆ ಬೀಸಣಿಗೆಯಲ್ಲಿ ಜಾಗ ಮುಗಿಯಿತು. ಹೊರಗುಳಿದವಳಿಗೆ ಸಿಗುವುದು ಚರಂಡಿಯ ಅಂಚು ಮತ್ತು ಮೈತುಂಬ ಗಾಳಿ. ಐದು ನಿಮಿಷ ತಡೆದರೆ ಹೆಚ್ಚು, ಆಮೇಲೆ ಅವಳ ರೇಸು ಮುಗಿದ ಹಾಗೆಯೇ. ಒಳಗೆ ಯಾರು, ಹೊರಗೆ ಯಾರು ಎಂದು ತೀರ್ಮಾನಿಸುವವಳು ಬೀಸಣಿಗೆಯ ಕೊನೆಯ ಜಾಗದಲ್ಲಿರುವವಳು. ತನ್ನವರು ಬಂದರೆ ಒಂದಡಿ ಜಾಗ ಬಿಡುತ್ತಾಳೆ, ಬೇರೆಯವರು ಬಂದರೆ ಬಾಗಿಲು ಹಾಕುತ್ತಾಳೆ. ಮೊಣಕೈ ತಿವಿತ, ಬೈಗುಳ, ಬೀಳುವುದು, ಎಲ್ಲ ಅಲ್ಲೇ. ಯಾರಿಗೂ ಬೇಡವಾದ ಆ ಜಾಗವನ್ನು ಡೋರಿನ್ ಬಾಯಿಬಿಟ್ಟು ಕೇಳಿ ಪಡೆದಳು.

ಮುಂದಿನ ವಸಂತದಲ್ಲಿ ಮೊದಲ ಸಲ ಬಾಗಿಲು ಹಾಕಿದ್ದನ್ನು ನಾನೇ ರಸ್ತೆ ಬದಿ ನಿಂತು ನೋಡಿದೆ. ಕ್ರಿಸ್ಟೆಲ್ ಹಿಂದಿನಿಂದ ನುಗ್ಗಿ ಬಂದಳು, ಬೀಸಣಿಗೆಯ ತುದಿಗೆ ಮುಂದಿನ ಚಕ್ರ ತೂರಿಸಿದಳು. ಡೋರಿನ್ ಅರ್ಧ ಅಡಿ ಸರಿದಳು, ಅಂಚಿನ ಕಡೆಗೆ. ಅಷ್ಟೇ ಸಾಕಾಯಿತು.

"ಜಾಗ ಬಿಡೇ!"

"ಭಾನುವಾರ ಬಾ."

"ಇವತ್ತು ಭಾನುವಾರಾನೇ ಕಣೇ, ಮೂದೇವಿ!"

"ಹಾಗಾದ್ರೆ ಮುಂದಿನ ಭಾನುವಾರ."

ಕ್ರಿಸ್ಟೆಲ್ ಹುಲ್ಲಿಗೆ ಇಳಿದಳು. ಹಾಲೆಂಡಿನ ಹುಡುಗಿ ಯಾರೋ ಅವತ್ತು ಗೆದ್ದಳು, ನಾವು ಮೂರ್‌ಹೌಟ್‌ನಲ್ಲಿ ನಾವೇ ಗೆದ್ದವರ ಹಾಗೆ ಕುಣಿದೆವು. ಆ ಮಾತು ಗುಂಪಿನ ತುಂಬ ಹಬ್ಬಿತು. ಮುಂದೆ ಯಾರಿಗೆ ಏನು ಇಲ್ಲ ಅನ್ನಬೇಕಿದ್ದರೂ ಸೈಕಲ್ ಹುಡುಗಿಯರು "ಭಾನುವಾರ ಬಾ" ಅನ್ನತೊಡಗಿದರು. ನನ್ನ ಕೆಫೆಯಲ್ಲಿ ಸಾಲ ಕೇಳುವ ಕುಡುಕರಿಗೆ ನಾನೂ ಅದನ್ನೇ ಹೇಳಿದೆ.

ಹೀಗೆ ವರ್ಷಗಳು ಹೋದವು. ಕ್ರಿಸ್ಟೆಲ್ ಬೆಟ್ಟದ ಸೀಮೆಯಲ್ಲಿ ಗೆದ್ದಳು, ಇಟಲಿಯಲ್ಲಿ ಗೆದ್ದಳು, ಗಾಳಿ ಇಲ್ಲದ ಕಡೆಯೆಲ್ಲ ಗೆದ್ದಳು. ಆದರೆ ಅವಳಿಗೆ ಬೇಕಾಗಿದ್ದದ್ದು ನಮ್ಮ ದೇಶದ ಚಾಂಪಿಯನ್ ಹಾಕುವ ಕಪ್ಪು ಹಳದಿ ಕೆಂಪು ಪಟ್ಟೆಯ ಅಂಗಿ. ಅದನ್ನು ಮೈಮೇಲೆ ಹಾಕಿಕೊಳ್ಳದೆ ನಿವೃತ್ತಿಯಾಗುವುದಿಲ್ಲ ಅಂತ ಟೀವಿಯಲ್ಲಿ ಹೇಳಿಕೊಂಡಿದ್ದಳು. ಪ್ರತಿ ಜೂನ್ ತಿಂಗಳಲ್ಲಿ ಆ ರೇಸು ನಡೆಯುತ್ತಿತ್ತು, ಪ್ರತಿ ಸಲ ಎಲ್ಲೋ ಒಂದು ಬಯಲಿನಲ್ಲಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಹಾಲೆಂಡಿನ ತಂಡ ಸೇರಿದ್ದ ಡೋರಿನ್‌ಗೆ ಅಲ್ಲಿ ಸ್ವಂತ ತಂಡದವರು ಯಾರೂ ಇರುತ್ತಿರಲಿಲ್ಲ. ಆದರೂ ಒಬ್ಬಳೇ ಅಷ್ಟು ಕೆಲಸ ಮಾಡಿ ಮುಗಿಸುತ್ತಿದ್ದಳು.

ಒಮ್ಮೆ ರೇಸು ಮುಗಿದ ಮೇಲೆ ಆಲೂಗಡ್ಡೆ ಕರಿದು ಕೊಡುವ ಗಾಡಿಯ ಮುಂದೆ ಕ್ರಿಸ್ಟೆಲ್ ನನಗೇ ಎದುರಾದಳು. ಬಾಣದ ಹಲಗೆಯ ಸುದ್ದಿ ಅವಳ ಕಿವಿಗೂ ಬಿದ್ದಿತ್ತು ಅಂತ ಕಾಣುತ್ತದೆ.

"ನಿಮ್ಮ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳಿ ಆಂಟಿ. ಒಂದು ಮುತ್ತಿಗೆ ಇಷ್ಟು ವರ್ಷ ಶಿಕ್ಷೆಯಾ?"

"ನೀನು ಕ್ಷಮೆ ಕೇಳಿದ್ಯಾ?"

"ಕ್ಷಮೆನಾ? ಯಾಕೆ? ಯಾರಾದ್ರೂ ಇಳಿ ಅಂದ್ರಾ ಅವಳಿಗೆ?"

"ನೀನೇ ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ."

ಅವಳು ಆಲೂಗಡ್ಡೆಯ ಪೊಟ್ಟಣ ನೋಡಿದಳು, ನನ್ನನ್ನು ನೋಡಿದಳು, ಭುಜ ಕುಣಿಸಿ ಹೋದಳು. ಒಂದೇ ಒಂದು ಸಲ "ತಪ್ಪಾಯ್ತು" ಅಂದಿದ್ದರೆ ನಾನೇ ಲೆಯೊನಿಯ ಮನೆಗೆ ಅವಳ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಅನ್ನಲಿಲ್ಲ. ಅವಳ ಬಗ್ಗೆ ಮರುಕಪಡುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಕ್ರಿಸ್ಟೆಲ್‌ಳ ಕೊನೆಯ ವರ್ಷದ ದೇಶದ ಚಾಂಪಿಯನ್‌ಷಿಪ್ ಬಂದು ಬಿದ್ದದ್ದು ಎಲ್ಲಿಗೆ ಅಂತೀರಿ? ನಮ್ಮ ಕಡಲ ಬಯಲಿಗೆ, ಮೂರ್‌ಹೌಟ್‌ನಿಂದ ಕಾರಿನಲ್ಲಿ ಅರ್ಧ ಗಂಟೆ. ಆ ವರ್ಷ ಹೆಂಗಸರ ರೇಸಿನ ಕೊನೆಯ ಭಾಗವನ್ನು ಟೀವಿಯಲ್ಲೂ ತೋರಿಸಿದರು. ಅರ್ಧ ಊರು ರಸ್ತೆ ಬದಿಗೆ ಹೋಯಿತು, ಉಳಿದವರೆಲ್ಲ ನನ್ನ ಕೆಫೆಯ ಟೀವಿ ಮುಂದೆ. ಲೆಯೊನಿಯನ್ನು ಕರೆದೆ. ಬರಲಿಲ್ಲ. ಮನೆಯಲ್ಲೇ, ಸದ್ದು ಪೂರ್ತಿ ತಗ್ಗಿಸಿ ನೋಡುತ್ತೇನೆ ಅಂದಳು.

ಗಾಳಿ ಬೆಳಿಗ್ಗೆಯಿಂದಲೇ ಹುಚ್ಚೆದ್ದಿತ್ತು. ಟೀವಿಯಲ್ಲಿ ಚಿತ್ರ ಮೂಡುವ ಹೊತ್ತಿಗೆ ಗುಂಪು ಒಡೆದುಹೋಗಿ ಮುಂದೆ ಉಳಿದವರು ಇಬ್ಬರೇ, ಕ್ರಿಸ್ಟೆಲ್ ಮತ್ತು ನಮ್ಮ ಡೋರಿನ್. ಕೆಫೆಯಲ್ಲಿ ಯಾರೂ ಲೋಟ ಎತ್ತಲಿಲ್ಲ. ಇಬ್ಬರೂ ಸರದಿಯ ಮೇಲೆ ಮುಂದೆ ಬಂದು ಗಾಳಿ ಸೀಳುತ್ತಿದ್ದರು, ಒಳ್ಳೆ ಗೆಳತಿಯರ ಹಾಗೆ. ಹಿಂದೆ ಏಳೆಂಟು ಜನರ ಗುಂಪು ಅಟ್ಟಿಸಿಕೊಂಡು ಬರುತ್ತಿತ್ತು, ಆದರೆ ದೂರವಿತ್ತು. ಇಬ್ಬರೂ ಕೂಡಿ ತುಳಿದರೆ ಸಿಕ್ಕಿಬೀಳುವ ಮಾತೇ ಇರಲಿಲ್ಲ. ಓಡಿಲ್ ಎದೆ ಹಿಡಿದುಕೊಂಡು, "ಮರಿಯೆಟ್, ಮೂರ್‌ಹೌಟ್‌ಗೆ ಚಾಂಪಿಯನ್ ಬರ್ತಾಳೆ ಕಣೇ. ಕ್ರಿಸ್ಟೆಲ್ ಕಾಲು ಸತ್ತಿದೆ, ನೋಡು, ಮಂಡಿ ಹೊರಕ್ಕೆ ಹೋಗ್ತಿದೆ" ಅಂದ.

ಕೊನೆಯ ಸುತ್ತು ಶುರುವಾಯಿತು. ಡೋರಿನ್ ಸರದಿ ಬಂತು. ಅವಳು ಮುಂದೆ ಬರಲಿಲ್ಲ.

ಕ್ರಿಸ್ಟೆಲ್ ಮೊಣಕೈ ಆಡಿಸಿ ಕರೆದಳು, ಬರಲಿಲ್ಲ. ತಿರುಗಿ ನೋಡಿದಳು. ಡೋರಿನ್ ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡು, ಹ್ಯಾಂಡಲ್ ಮೇಲ್ಭಾಗದಲ್ಲಿ ಕೈಯಿಟ್ಟು, ಸಂತೆಗೆ ಹೊರಟವಳ ಹಾಗೆ ಕೂತಿದ್ದಳು. ಕ್ರಿಸ್ಟೆಲ್ ನಿಧಾನ ಮಾಡಿದರೆ ಇವಳೂ ನಿಧಾನ. ಅವಳು ಎದ್ದು ತುಳಿದರೆ ಇವಳೂ ಎದ್ದು ತುಳಿದಳು. ಕೆಫೆಯಲ್ಲಿ ಮೊದಲು ಎಲ್ಲರೂ ಮೆಚ್ಚಿಕೊಂಡರು, ಜಾಣೆ, ಕಾಲು ಉಳಿಸಿಕೊಳ್ತಿದಾಳೆ ಅಂತ. ಆದರೆ ಹಿಂದಿನ ಗುಂಪು ಹತ್ತಿರವಾಗುತ್ತಾ ಬಂತು. ಒಬ್ಬಳೇ ಗಾಳಿ ಹೊತ್ತು ಕ್ರಿಸ್ಟೆಲ್ ಬಳಲಿ ಹೋಗಿದ್ದಳು. ಆ ಗುಂಪು ಒಂದು ಮೈದಾನದಷ್ಟೇ ಹಿಂದೆ ಉಳಿದಿದ್ದಾಗ ಅವಳು ಡೋರಿನ್ ಪಕ್ಕಕ್ಕೆ ಬಂದು ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು, ಎರಡು ಸಲ ಎದೆಗೆ ಕೈ ಮುಟ್ಟಿಕೊಂಡಳು. ಡೋರಿನ್ ರಸ್ತೆ ನೋಡುತ್ತಾ ಎರಡೇ ಪದದಲ್ಲಿ ಉತ್ತರ ಕೊಟ್ಟಳು. ಆ ಪದಗಳು ಯಾವುವು ಅಂತ ಕೆಫೆಯಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

"ಲೇ, ಎಳೀಲೇ! ಎಳಿ! ನೀನೇ ಗೆಲ್ತೀಯಲ್ಲೇ!" ಓಡಿಲ್ ಟೀವಿಗೆ ಕೂಗುತ್ತಿದ್ದ. ಆ ಗಂಟಲು ಟೀವಿಯ ಒಳಗೆ ಹೋಗುವ ಹಾಗಿದ್ದರೆ ಅವಳಿಗೆ ಕೇಳಿಸುತ್ತಿತ್ತು.

ಗುಂಪು ಇಬ್ಬರನ್ನೂ ನುಂಗಿತು. ಯಾವಳೋ ಹತ್ತೊಂಬತ್ತು ವರ್ಷದ ಹುಡುಗಿ, ಹೆಸರು ಹೇಳಲು ನಿರೂಪಕನೂ ತಡವರಿಸಿದ, ಪಟ್ಟೆ ಅಂಗಿ ಹಾಕಿಕೊಂಡಳು. ಕ್ರಿಸ್ಟೆಲ್ ಎಲ್ಲರಿಗಿಂತ ಹಿಂದೆ ಬಂದು, ರಸ್ತೆಯ ಕಲ್ಲಂಚಿನ ಮೇಲೆ ಕೂತು, ಹೆಲ್ಮೆಟ್ಟನ್ನೂ ತೆಗೆಯದೆ ಅತ್ತಳು. ಕ್ಯಾಮೆರಾ ಅವಳ ಮುಖವನ್ನು ಹತ್ತಿರದಿಂದ ತೋರಿಸಿತು. ನಾನು ಕಣ್ಣು ಮಿಟುಕಿಸದೆ ನೋಡಿದೆ. ನನ್ನ ಎದೆ ತಣ್ಣಗಾಯಿತು. ಎಲ್ಲರಿಗೂ ಒಂದೊಂದು ಬಿಯರ್ ಬಿಟ್ಟಿ ಸುರಿದೆ. ಅರ್ಧ ಜನ ಕುಡಿಯಲಿಲ್ಲ. ಓಡಿಲ್ ಗೋಡೆಯ ಮೇಲಿನ ಬಟ್ಟೆ ಕಿತ್ತು ಮಡಚಿ ಮೇಜಿನ ಮೇಲಿಟ್ಟು, "ನಿಮ್ಮ ವಂಶಾನೇ ಹುಚ್ಚು" ಅಂದು ಹೊರಟುಹೋದ. ಅವನು ಮತ್ತೆ ಬರುವುದಕ್ಕೆ ಸೆಪ್ಟೆಂಬರ್ ಆಯಿತು.

ಸಂಜೆ ಬೆಳಕಿರುವಾಗಲೇ ಡೋರಿನ್ ಬಂದಳು. ಮೈ ಕೈಯೆಲ್ಲ ಧೂಳು, ಕೆನ್ನೆಯ ಮೇಲೆ ಉಪ್ಪುಗೆರೆ. ಮನೆಗೆ ಒಬ್ಬಳೇ ಹೋಗಬೇಡ ಅಂತ ನಾನೂ ಜೊತೆಗೆ ಹೊರಟೆ. ನನಗೆ ಲೆಯೊನಿಯ ಮುಖ ನೋಡಬೇಕಿತ್ತು. ಏಳು ವರ್ಷದಿಂದ ಈ ದಿನಕ್ಕೇ ಕಾದಿದ್ದೆವು. ರೇಡಿಯೋದಲ್ಲಿ ಆಗಲೇ ಹಳೆಯ ಕತೆಯನ್ನೆಲ್ಲ ಹೇಳುತ್ತಿದ್ದರು, ಮೂರ್‌ಹೌಟ್‌ನ ಬಾಗಿಲು, ಅಮ್ಮನ ಮುತ್ತು, ಕ್ರಿಸ್ಟೆಲ್ ಕೊಟ್ಟ ಮಾತು, ಎಲ್ಲ. ಇವತ್ತಿನದು ಅವತ್ತಿನದರ ಲೆಕ್ಕ ಅಂತ ಡೋರಿನ್ ಬಯಸಿದ ಹಾಗೆಯೇ ದೇಶ ಮಾತಾಡಿಕೊಂಡಿತು.

ಲೆಯೊನಿ ಅಡುಗೆಮನೆಯಲ್ಲಿ ಸೂಪಿನ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಡೋರಿನ್ ಅವಳ ಎದುರು ಕೂತಳು. ಮುಖದಲ್ಲಿ ಹೊಳಪಿತ್ತು, ಚಿಕ್ಕ ಹುಡುಗಿ ಶಾಲೆಯಿಂದ ಬಹುಮಾನ ತಂದಾಗ ಇರುವಂಥದ್ದು.

"ಅಮ್ಮ, ಮುಗೀತು. ಅವಳಿಗೆ ಅಂಗಿ ಸಿಗಲಿಲ್ಲ. ಇನ್ನು ಯಾವತ್ತೂ ಸಿಗಲ್ಲ."

ಲೆಯೊನಿ ತಲೆಯಾಡಿಸಿದಳು. ಸೂಪು ಕಲಕುತ್ತಾ ಕೇಳಿದಳು, "ಅವಳು ನಿನ್ನ ಪಕ್ಕ ಬಂದು ಏನೋ ಹೇಳ್ತಿದ್ಳಲ್ಲ. ಏನು ಅದು?"

ಡೋರಿನ್ ಅಮ್ಮನಿಗೆ ಸುಳ್ಳು ಹೇಳುವವಳಲ್ಲ. "ಗೆಲುವು ನಿನಗೇ ಬಿಡ್ತೀನಿ ಅಂದಳು. ಕೊನೇಲಿ ಓಟ ಕೀಳಲ್ಲ, ಬರೀ ಸರದಿ ಕೊಡು, ನನಗೆ ಎರಡನೇದು ಸಾಕು, ನನ್ನ ಮಗನ ಆಣೆ ಅಂದಳು."

"ನಿಜವಾಗ್ಲೂ ಬಿಡ್ತಿದ್ಳಾ?"

"ಬಿಡದೇ ಇದ್ರೂ ನಾನೇ ಗೆಲ್ತಿದ್ದೆ. ಅವಳ ಕಾಲಲ್ಲಿ ಏನೂ ಉಳಿದಿರಲಿಲ್ಲ."

"ಮತ್ತೆ ನೀನು ಏನಂದೆ?"

"ಭಾನುವಾರ ಬಾ, ಅಂದೆ."

"ಯಾಕೆ ಮಗಳೇ?"

"ನಿನಗೋಸ್ಕರ ಅಮ್ಮ. ಇನ್ಯಾರಿಗೆ? ನಾನು ಗೆದ್ದಿದ್ರೆ ಅವಳು ಎರಡನೇದು ಅಂತ ನಗ್ತಾ ಮನೆಗೆ ಹೋಗ್ತಿದ್ಳು. ನಿನ್ನ ಹೊಸ್ತಿಲಲ್ಲಿ ಅವಳು ಮಾಡಿದ್ದಕ್ಕೆ ಉತ್ತರ ಕೊಡ್ಬೇಕಿತ್ತು. ಎಲ್ಲಾ ನಿನಗೋಸ್ಕರಾನೇ."

ಲೆಯೊನಿ ಚಮಚ ಕೆಳಗಿಟ್ಟಳು. ತನ್ನ ಎರಡೂ ಕೈಗಳನ್ನು ನೋಡಿಕೊಂಡಳು, ಅವತ್ತು ಮಗಳ ಮುಖ ಹಿಡಿದಿದ್ದ ಕೈಗಳು.

"ಅವತ್ತಿಂದು ನನ್ನಿಂದ ಹೋಯ್ತು," ಅಂದಳು. "ಇವತ್ತಿಂದೂ ನನ್ನಿಂದಲೇ ಹೋಯ್ತಾ?"

ಡೋರಿನ್ ಎದ್ದು ನಿಂತು, "ಇಲ್ಲಮ್ಮ, ಹಾಗಲ್ಲ, ಕೇಳಿಲ್ಲಿ" ಅಂತ ಶುರುಮಾಡಿದಳು. ಅಲ್ಲೇ ನೆಲದ ಮೇಲೆ ಕುಸಿದು ಕೂತು, ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಲೆಯೊನಿ ಅವಳ ಧೂಳು ಹಿಡಿದ ತಲೆ ಸವರುತ್ತಾ ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದಳು.

"ತಪ್ಪಾಯ್ತು ಮಗಳೇ. ನನ್ನದೇ ತಪ್ಪು. ಕ್ಷಮಿಸಿಬಿಡು."